ಸಿಸ್ಸುವಿನ ಹಿಮ ಕಪ್ಪಾದಾಗ

"ಇದೇನೋ, ತರಗು ಸುಟ್ಟ ಕಬ್ಬಿನ ಗದ್ದೆ ಇದ್ದಂಗಿದೆ!" ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿದ ಅಮ್ಮ ಹೇಳಿದ್ದಿದು. ಅದು ಹಿಮದ ಫೋಟೋ ಅಂದರೆ ನಂಬಲೇ ಇಲ್ಲ.

ಫೆಬ್ರವರಿಯಲ್ಲಿ ಮನಾಲಿ ಕಡೆಯಿಂದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಹಿಮಾಚಲದ ಸಿಸ್ಸು ಅನ್ನೋ ಊರಿಗೆ ಹೋಗಿದ್ದೆವು. ಆಗ ತೆಗೆದ ಫೋಟೋ. ಬಿಳಿ ಬಯಲು, ಕಡುನೀಲಿ ಆಕಾಶ, ಎಲೆ ಉದುರಿದ ಮರಗಳು, ಮಧ್ಯೆ ಕೆಂಪು ಜಾಕೆಟ್ ಹಾಕಿದ ತಂಗಿ. ತಪ್ಪೇನಿಲ್ಲ, ಆದರೆ ಸಪ್ಪೆ. ಅಲ್ಲಿಗೆ ಹೋದವರೆಲ್ಲರ ಫೋನಲ್ಲೂ ಇಂಥದ್ದೊಂದು ಇರುತ್ತೆ. ಬೇಜಾರಾಗಿ ಗಿಂಪ್ ಅನ್ನೋ ಫೋಟೋ ತಿದ್ದುವ ತಂತ್ರಾಂಶದಲ್ಲಿ ತೆರೆದು, ಬಣ್ಣಗಳನ್ನು ಉಲ್ಟಾ ಮಾಡುವ ಇನ್ವರ್ಟ್ ಸುಮ್ನೆ ಒತ್ತಿದೆ.

ಒಳಗೆ ನಡೆಯುವುದು ಬರೀ ಕಳೆಯುವ ಲೆಕ್ಕ. ಮಾಮೂಲಿ ಫೋಟೋದ ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗೆ ಒಂದೊಂದು ಅಂಕಿ ಇರುತ್ತದೆ. ಅದನ್ನು 255ರಿಂದ ಕಳೆಯುತ್ತದೆ, ಅಷ್ಟೇ. 250 ಇದ್ದ ಹಿಮ 5 ಆಗಿ ಇದ್ದಿಲಾಯಿತು. ಆಕಾಶ ಸಾಸಿವೆ ಬಣ್ಣಕ್ಕೆ ತಿರುಗಿತು. ಬೋಳು ಮರಗಳು ಬೆಳ್ಳಗಾಗಿ, ಮಣ್ಣೊಳಗಿನ ಬೇರನ್ನು ಅಡ್ಡ ಸೀಳಿ ತೋರಿಸಿದ ಹಾಗೆ ಕಂಡವು. ತಂಗಿಯ ಜಾಕೆಟ್ ನವಿಲುನೀಲಿ, ಮುಖ ನಾಟಕದ ಕೃಷ್ಣನದು. ಅವಳಿಗೆ ಇನ್ನೂ ತೋರಿಸಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೆರಳು. ಹಿಮದ ಮೇಲೆ ಬಿದ್ದಿದ್ದ ಮರದ ನೆರಳೆಲ್ಲ ಕಂದು, ಕೆಲವು ಕಡೆ ತುಕ್ಕು ಹಿಡಿದ ತಗಡಿನ ಬಣ್ಣ. ಎಲ್ಲಿಂದ ಬಂತು ಇದು? ಮೂಲ ಫೋಟೋಗೆ ವಾಪಸ್ ಹೋಗಿ ನೆರಳಿನ ಮೇಲೆ ಬಣ್ಣದ ಅಂಕಿ ತೋರಿಸುವ ಕಲರ್ ಪಿಕರ್ ಇಟ್ಟೆ: ಕೆಂಪು 150, ಹಸಿರು 175, ನೀಲಿ 215. ನೆರಳು ನೀಲಿಯೇ ಇತ್ತು! ಬಿಸಿಲು ತಾಗದ ಜಾಗಕ್ಕೆ ಬೆಳಕು ಬರುವುದು ಹೆಚ್ಚಾಗಿ ಆಕಾಶದಿಂದ ತಾನೇ. ಅಲ್ಲಿ ನಿಂತಿದ್ದಾಗ ನನಗದು ಬರೀ ಬೂದು. ಹಿಮ ಅಂದಮೇಲೆ ಬಿಳಿ ಅಂತ ತಲೆ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ, ಅಲ್ವಾ?

ಹೆಜ್ಜೆ ಗುರುತುಗಳದ್ದು ಇನ್ನೊಂದು ಮಜಾ. ಕಾಲು ಹೂತು ಆಗಿದ್ದ ಗುಂಡಿಗಳು ತಟ್ಟೆಯಲ್ಲಿಟ್ಟ ಇಡ್ಲಿಗಳ ಹಾಗೆ ಉಬ್ಬಿ ಕಂಡವು. ಬೆಳಕು ಮೇಲಿನಿಂದಲೇ ಬರುತ್ತದೆ ಅನ್ನುವುದು ನಮ್ಮ ಕಣ್ಣಿಗೆ ರೂಢಿ. ಬೆಳಕು, ನೆರಳು ಅದಲುಬದಲಾದರೆ ಗುಂಡಿ ದಿಬ್ಬವಾಗುತ್ತದೆ. ಫೋಟೋವನ್ನು ತಲೆಕೆಳಗು ಮಾಡಿದೆ. ಇಡ್ಲಿ ಮತ್ತೆ ಗುಂಡಿ!

ಅದೇ ಜಾಗದ ಇನ್ನೆರಡು ಫೋಟೋಗಳಿಗೂ ಹೀಗೇ ಮಾಡಿದೆ. ಮೊದಲನೆಯದು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನಂಬಿ ತೆಗೆದದ್ದು. ಮೀಟರ್‌ಗೆ ಎದುರಿಗಿರುವುದು ಹಿಮ ಅಂತ ಗೊತ್ತಾಗುವುದಿಲ್ಲ, ಎಲ್ಲವನ್ನೂ ನಡು ಬೂದು ಬಣ್ಣಕ್ಕೆ ಎಳೆಯುತ್ತದೆ. ಹಾಗಾಗಿ ಇನ್ವರ್ಟ್ ಮಾಡಿದಾಗಲೂ ಕಪ್ಪಾಗದೆ ಒಲೆ ಬೂದಿಯ ಹಾಗೆ ಉಳಿಯಿತು. ಇನ್ನೊಂದಕ್ಕೆ ನಾನೇ ಧಾರಾಳವಾಗಿ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು ಏರಿಸಿದ್ದೆ. ಅದನ್ನು ಇನ್ವರ್ಟ್ ಮಾಡಿದರೆ ಬಯಲಿನ ಅರ್ಧ ಭಾಗ ಶುದ್ಧ 0. ಹೊಳಪು ಏರಿಳಿಸುವ ಕರ್ವ್ಸ್ ಎಷ್ಟು ಎಳೆದರೂ ಒಂದು ಗೆರೆ ಏಳಲಿಲ್ಲ. ಹೊಳಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ನೋಡಿದ್ದರೂ ಗೊತ್ತಾಗುತ್ತಿತ್ತು, ಒಪ್ಪಿದೆ. ಆದರೆ ಬಿಳಿ ಜಾಗ ಖಾಲಿ ಇದ್ದರೆ ಬೆಳಕು ಅಂದುಕೊಂಡು ಸುಮ್ಮನಾಗುತ್ತೇನೆ. ಕಪ್ಪು ಜಾಗ ಖಾಲಿ ಇದ್ದರೆ ತೂತು ಬಿದ್ದ ಹಾಗಾಗುತ್ತದೆ.

ಗಿಂಪ್‌ನಲ್ಲಿ ವ್ಯಾಲ್ಯೂ ಇನ್ವರ್ಟ್ ಅಂತ ಇನ್ನೊಂದಿದೆ. ಅದು ಬಣ್ಣ ಬಿಟ್ಟು ಹೊಳಪನ್ನಷ್ಟೇ ತಿರುಗಿಸುತ್ತದೆ. ಆಕಾಶ ನೀಲಿಯಾಗಿಯೇ ಉಳಿದು ಇಡೀ ದೃಶ್ಯ ಅಮಾವಾಸ್ಯೆಯ ರಾತ್ರಿಯಾಯಿತು. ಚೆನ್ನಾಗಿದೆ, ಆದರೆ ತುಕ್ಕು ನೆರಳು ಹೋಯಿತು. ನನಗೆ ಬೇಕಿದ್ದದ್ದೇ ಆ ನೆರಳು.

ಪ್ರಿಂಟ್ ಹಾಕಿಸಿದಾಗ ಎಡವಿದೆ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ 5, 10, 15 ಎಲ್ಲ ಒಂದೇ ಕಪ್ಪಾಗಿ ಇಡ್ಲಿಗಳು ಮಾಯ. ಎರಡನೇ ಸಲ ಗಿಂಪ್‌ನಲ್ಲಿ ಹೊಳಪಿನ ಮಿತಿ ಹೊಂದಿಸುವ ಲೆವೆಲ್ಸ್‌ನ ಔಟ್‌ಪುಟ್‌ನಲ್ಲಿ ಕಪ್ಪನ್ನು 0ಯಿಂದ 18ಕ್ಕೆ ಎತ್ತಿ, ಹೊಳೆಯುವ ಕಾಗದದಲ್ಲಿ ಹಾಕಿಸಿದೆ. ಈಗ ಅದು ಹಾಲ್‌ನಲ್ಲಿದೆ. ಬಂದ ನೆಂಟರಿಗೆ ಅಮ್ಮ ಅದನ್ನು ನಮ್ಮೂರ ಗದ್ದೆ ಅಂತಲೇ ತೋರಿಸುತ್ತಾಳೆ.