ಆರ್ಡರ್ ಕುಸಿದಾಗ ಕೆಲಸಗಾರರ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಆರ್ಡರ್ ಕಡಿಮೆಯಾದ ಸಂಗತಿ ಮಾಲೀಕರು ಬಾಯಿಬಿಡುವ ಮೊದಲೇ ಕೆಲಸಗಾರರಿಗೆ ತಿಳಿದಿರುತ್ತದೆ, ಏಕೆಂದರೆ ಮೊದಲು ನಿಲ್ಲುವುದೇ ಓವರ್‌ಟೈಮ್. ಆ ಹಣವನ್ನು ನಂಬಿ ಮನೆ ಬಾಡಿಗೆ, ಶಾಲಾ ಶುಲ್ಕ, ಚೀಟಿ ಕಂತು ಹೊಂದಿಸುತ್ತಿದ್ದವರ ಮನಸ್ಸು ಆಗ ಕೆಲಸದಲ್ಲಿ ನಿಲ್ಲುವುದಿಲ್ಲ. ಅದನ್ನು ಸೋಮಾರಿತನವೆಂದು ತಿಳಿದು ಗದರುವುದು ಅನ್ಯಾಯ. ಅವರಿಗೆ ಬೇಕಿರುವುದು ಮುಂದಿನ ತಿಂಗಳ ಬಗ್ಗೆ ಖಚಿತ ಮಾಹಿತಿ.

ಆದ್ದರಿಂದ ಮೊದಲ ಹೆಜ್ಜೆಯಾಗಿ, ಪಾಳಿ ಬದಲಾಗುವ ಹೊತ್ತಿನಲ್ಲಿ ಗುತ್ತಿಗೆ ಕೆಲಸಗಾರರೂ ಸೇರಿದಂತೆ ಎಲ್ಲರನ್ನೂ ಕರೆದು, ಕೈಯಲ್ಲಿರುವ ಆರ್ಡರ್ ಎಷ್ಟು ವಾರಕ್ಕೆ ಸಾಕು, ಯಾವ ಖರ್ಚನ್ನು ಈಗಾಗಲೇ ತಗ್ಗಿಸಲಾಗಿದೆ ಎಂಬುದನ್ನು ಮಾಲೀಕರೇ ಹೇಳಬೇಕು. ಯಾರ ಕೆಲಸವೂ ಹೋಗುವುದಿಲ್ಲವೆಂಬ ಭರವಸೆಯನ್ನು, ಉಳಿಸಿಕೊಳ್ಳಲಾಗದಿದ್ದರೆ, ಕೊಡಲೇಬಾರದು. ಮುಂದಿನ ಸಭೆಯ ದಿನಾಂಕವನ್ನು ಅಲ್ಲಿಯೇ ತಿಳಿಸಿ, ಹೊಸ ಸುದ್ದಿ ಇಲ್ಲದಿದ್ದರೂ ಆ ದಿನ ಸೇರಬೇಕು.

ಎರಡನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಸಂಬಳದ ದಿನ. ಮರುತಿಂಗಳ 7ನೇ ತಾರೀಖಿನೊಳಗೆ ಸಂಬಳ ಕೈಸೇರಬೇಕು. ಭವಿಷ್ಯನಿಧಿ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆಯನ್ನು 15ರೊಳಗೆ ಕಟ್ಟಬೇಕು. ಸಂಬಳದಿಂದ ಮುರಿದುಕೊಂಡ ಹಣ ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಸಭೆಯಲ್ಲಿ ಆಡಿದ ಮಾತಿಗೆ ಬೆಲೆ ಉಳಿಯುವುದಿಲ್ಲ. ನಗದು ಸಾಲದಿದ್ದರೆ ಬಾಕಿ ವಸೂಲಿಗೆ ಹೊರಡಬೇಕು. ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕೆಂದು 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆ ಹೇಳುತ್ತದೆ. ದೊಡ್ಡ ಕಂಪನಿಯನ್ನು ಕೇಳಲು ಹಿಂಜರಿದರೆ ಆ ಸಂಕೋಚದ ಹೊರೆ ಕೊನೆಗೆ ಕೆಲಸಗಾರರ ಮೇಲೆಯೇ ಬೀಳುತ್ತದೆ.

ಖರ್ಚಿನ ಕಡಿತ ಮೇಲಿನವರಿಂದ ಆರಂಭವಾಗಲಿ. ಕೆಲವರನ್ನು ಪೂರ್ತಿಯಾಗಿ ಮನೆಗೆ ಕಳುಹಿಸುವುದಕ್ಕಿಂತ, ಇರುವ ಕೆಲಸವನ್ನು ಸರದಿಯಂತೆ ಎಲ್ಲರಿಗೂ ಹಂಚುವುದು ಮೇಲು.

ಇನ್ನು ಬಿಡುವಿನ ವೇಳೆ. ಯಂತ್ರ ನಿಂತಿದೆಯೆಂದು ಲೇತ್ ಯಂತ್ರ ನಡೆಸುವ ನುರಿತ ಟರ್ನರ್‌ನ ಕೈಗೆ ಪೊರಕೆ ಕೊಟ್ಟರೆ ಆತನಿಗೆ ಅವಮಾನವಾಗುತ್ತದೆ. ಅದರ ಬದಲು ಹಳೆಯ ಲೇತ್‌ನಲ್ಲಿ ದುಡಿಯುವವರಿಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಪ್ರೋಗ್ರಾಮಿಂಗ್, ಸಹಾಯಕರಿಗೆ ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಬಹುದು. ಒಳಗೆ ಕಲಿಸುವವರಿಲ್ಲದಿದ್ದರೆ ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ತರಬೇತಿಯ ಬಗ್ಗೆ ವಿಚಾರಿಸಬಹುದು. ಮಾಲು ರಿಜೆಕ್ಟ್ ಆಗುವುದೇಕೆಂದು ಹುಡುಕುವ ಹೊಣೆಯನ್ನು ಹಿರಿಯ ಕೆಲಸಗಾರರಿಗೇ ವಹಿಸಿ, ಅವರ ಸಲಹೆಯಿಂದ ಉಳಿತಾಯವಾದರೆ ಅದರಲ್ಲಿ ಒಂದು ಪಾಲನ್ನು ಅವರಿಗೇ ಕೊಡಬೇಕು.

ಕೊನೆಯದಾಗಿ, ಆರ್ಡರ್ ಮರಳಿದಾಗ ಯಾವುದನ್ನು ಯಾವ ಕ್ರಮದಲ್ಲಿ ಹಿಂದಿರುಗಿಸಲಾಗುವುದು ಎಂಬುದನ್ನು ಈಗಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು: ಮೊದಲು ಕಡಿತವಾದ ಭತ್ಯೆ, ನಂತರ ಓವರ್‌ಟೈಮ್, ಹೊಸಬರನ್ನು ತೆಗೆದುಕೊಳ್ಳುವ ಮುನ್ನ ಕೆಲಸ ಕಳೆದುಕೊಂಡ ಹಳಬರಿಗೆ ಕರೆ.