ಡಿಸೆಕ್ಷನ್ ಟೇಬಲ್ ಪಕ್ಕಕ್ಕೊಂದು ಸಿಟಿ ಸ್ಕ್ಯಾನ್

ನಾನು ಅನಾಟಮಿ ಮೇಷ್ಟ್ರು. ಹೊಟ್ಟೆಯ ಡಿಸೆಕ್ಷನ್ ಶುರುವಾದರೆ ಟೇಬಲ್ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತೇನೆ. ರೇಡಿಯಾಲಜಿಯವರು ಹೆಸರು, ಆಸ್ಪತ್ರೆ ನಂಬರು ಅಳಿಸಿ ಕೊಟ್ಟ ಸಿಟಿಯನ್ನು ಅದರಲ್ಲಿ 3ಡಿ ಸ್ಲೈಸರ್‌ನಿಂದ ತೆರೆಯುತ್ತೇನೆ. ಈ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಫಸ್ಟ್ ಇಯರ್ ಮಕ್ಕಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸರ್, ಲಿವರ್ ಎಡಗಡೆ ಯಾಕಿದೆ?" ಮಲಗಿದ ರೋಗಿಯನ್ನು ಪಾದದ ಕಡೆಯಿಂದ ನೋಡಿದಂತೆ ಅಡ್ಡ ಸ್ಲೈಸ್ ತೋರಿಸುವುದು ರೂಢಿ, ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ಬಾಯಲ್ಲಿ ಹೇಳಿದರೆ ಸಂಜೆಗೆ ಮರೆತಿರುತ್ತಾರೆ. ಕೇಳಿದವರನ್ನೇ ಕೆಡಾವರ್‌ನ (ಡಿಸೆಕ್ಷನ್‌ಗಿಟ್ಟ ಮೃತದೇಹದ) ಪಾದದ ಹತ್ತಿರ ನಿಲ್ಲಿಸಿ ತಲೆಯ ಕಡೆ ನೋಡಿ ಅಂತೀನಿ. ಆಮೇಲೆ ಆ ಪ್ರಶ್ನೆ ಬರುವುದಿಲ್ಲ.

ಎಡ ರೀನಲ್ ವೇನ್‌ಗೆ, ಅಂದರೆ ಎಡ ಕಿಡ್ನಿಯಿಂದ ರಕ್ತ ಒಯ್ಯುವ ನಾಳಕ್ಕೆ, ಸಿಟಿಯೇ ಸರಿ. ಫಾರ್ಮಲಿನ್ ಏರಿಸಿದ ದೇಹದಲ್ಲಿ ಅದು ಬಹುಪಾಲು ಚಪ್ಪಟೆ. ಕರುಳು ಎತ್ತಿ ಸರಿಸುವಷ್ಟರಲ್ಲಿ ಅಕ್ಕಪಕ್ಕದ ಸಂಬಂಧವೂ ಕೆಟ್ಟಿರುತ್ತದೆ. ರಕ್ತನಾಳ ಎದ್ದು ಕಾಣಲು ದ್ರವ ಚುಚ್ಚಿ ತೆಗೆದ ಕಾಂಟ್ರಾಸ್ಟ್ ಸಿಟಿಯಲ್ಲಾದರೆ ಅಯೋರ್ಟಾಕ್ಕೂ (ದೇಹದ ಮುಖ್ಯ ಅಪಧಮನಿ) ಕರುಳಿಗೆ ರಕ್ತ ಕೊಡುವ ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿಗೂ ನಡುವಿನ ಸಂದಿಯಲ್ಲಿ ಅದು ನುಸುಳುವುದು ಕಣ್ಣಿಗೇ ಕಾಣುತ್ತದೆ. ಹಾಗಂತ ಸಣ್ಣ ನರದ ಕವಲು ಸಿಟಿಯಲ್ಲಿ ಹುಡುಕಬೇಡಿ, ಅದಕ್ಕೆ ಫೋರ್ಸೆಪ್ಸೇ ಬೇಕು. ಕೆಡಾವರ್ ಬಿಡಿ, ಸ್ಕ್ರೀನ್ ಸಾಕು ಅನ್ನುವವರ ಜೊತೆ ನನಗೆ ಹಳೇ ಜಗಳ.

ಸಂಶೋಧನೆಯ ಲೆಕ್ಕವೇ ಬೇರೆ. ಮ್ಯೂಸಿಯಮ್ಮಿನ ತಲೆಬುರುಡೆ ಗಂಡಸಿನದೋ ಹೆಂಗಸಿನದೋ, ಎಷ್ಟು ವಯಸ್ಸಿನದೋ, ದಾಖಲೆ ಇರುವುದಿಲ್ಲ. ಸಿಟಿಯಲ್ಲಿ ಎರಡೂ ಇರುತ್ತವೆ. ತಲೆಬುರುಡೆಯ ತಳದಲ್ಲಿರುವ ಫೊರಾಮೆನ್ ಒವೇಲ್ ಎಂಬ ರಂಧ್ರ ಅಳೆಯಲು ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ನಾನು ಹಾಕುವ ಷರತ್ತು ಮುಖ್ಯವಾಗಿ ಸ್ಲೈಸಿನ ದಪ್ಪದ್ದು. 5 ಮಿ.ಮೀ. ಸ್ಲೈಸ್ ವಾರ್ಡಿನ ರಿಪೋರ್ಟಿಗೆ ನಡೆಯುತ್ತದೆ. ಕೆಲವೇ ಮಿಲಿಮೀಟರಿನ ರಂಧ್ರಕ್ಕೆ ನಡೆಯದು. ಮೂಳೆ, ಮೃದು ಭಾಗ ಎರಡೂ ಒಂದೇ ವೋಕ್ಸೆಲ್‌ನೊಳಗೆ (ಸ್ಕ್ಯಾನಿನ ಪುಟ್ಟ ಘನ ಚುಕ್ಕಿ) ಬೆರೆತು ಅಂಚು ಮಸುಕಾಗುತ್ತದೆ. 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದದ್ದೇ ಆಗಬೇಕು. ತಲೆ ಕೊಂಚ ವಾಲಿದ್ದರೂ ಉದ್ದಗಲ ಬದಲಾಗುವುದರಿಂದ ಮೊದಲು ಫ್ರಾಂಕ್‌ಫರ್ಟ್ ಪ್ಲೇನ್‌ಗೆ (ಕಣ್ಣಿನ ಗುಳಿಯ ಕೆಳಅಂಚು, ಕಿವಿರಂಧ್ರದ ಮೇಲಂಚು ಸೇರಿಸುವ ಸಮತಲ) ಹೊಂದಿಸುತ್ತೇವೆ. ವಿಂಡೋ, ಅಂದರೆ ಸ್ಕ್ರೀನಿನ ಕಪ್ಪು-ಬಿಳುಪಿನ ಹೊಂದಿಕೆ, ಅಲುಗಿದರೂ ಅಂಚು ಸರಿಯುತ್ತದೆ. ಅದಕ್ಕೇ ಬೋನ್ ವಿಂಡೋದ ವಿಡ್ತ್, ಲೆವೆಲ್ ಎರಡನ್ನೂ ಬರೆದಿಟ್ಟುಕೊಂಡು ಎಲ್ಲ ಸ್ಕ್ಯಾನಿಗೂ ಅದನ್ನೇ ಹಾಕುವುದು. ಅಳೆಯುವವರು ಇಬ್ಬರು, ಒಬ್ಬರ ಅಂಕಿ ಇನ್ನೊಬ್ಬರು ನೋಡುವಂತಿಲ್ಲ.

ಇನ್ನೊಂದು ಮಾತು. ಜಾಗ ಉಳಿಸಲು ಎಷ್ಟೋ ಕಡೆ ಸರ್ವರಿನಿಂದ ತೆಳು ಸ್ಲೈಸುಗಳನ್ನೇ ಮೊದಲು ಅಳಿಸುತ್ತಾರೆ. ಎತಿಕ್ಸ್ ಕಮಿಟಿ ಒಪ್ಪಿಗೆ ಕೈಗೆ ಬಂದ ದಿನವೇ ಸಿಟಿ ಟೆಕ್ನಿಷಿಯನ್ ಹತ್ತಿರ ಹೋಗಿ ಕೂತುಕೊಳ್ಳಿ.