ಒಂದು ಜೊತೆ ಆವರಣದ ಹಿಂದೆ ಎರಡು ದಿನ

ರಾತ್ರಿ ಸರ್ವರ್ ಲಾಗ್ (ಸರ್ವರ್ ತನ್ನ ಕೆಲಸಗಳನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ) ಓದಿ ಬೆಳಿಗ್ಗೆ ವರದಿ ಕಳಿಸುವ, ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೇ ಸ್ಕ್ರಿಪ್ಟ್ ಒಂದು ನಮ್ಮ ಆಫೀಸಿನಲ್ಲಿತ್ತು. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಅದನ್ನು ಪೈಥಾನ್‌ಗೆ (ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ) ತರುವ ಕೆಲಸ ನನ್ನ ಪಾಲಿಗೆ ಬಂತು. ಪರ್ಲ್ 1987ರದ್ದು, ಪೈಥಾನ್ 1991ರದ್ದು. ವಯಸ್ಸಿನಲ್ಲಿ ದೊಡ್ಡ ಅಂತರವೇನಿಲ್ಲ, ಓದಲು ಕೂತರೆ ಮಾತ್ರ ದಾರಿಗಳೇ ಬೇರೆ.

ಪರ್ಲ್‌ನಲ್ಲಿ ಬಿಡಿ ಮೌಲ್ಯದ (ಒಂದು ಸಂಖ್ಯೆ ಅಥವಾ ಒಂದು ಪಠ್ಯ) ಹೆಸರಿಗೆ $, ಅರೇಗೆ (ಮೌಲ್ಯಗಳ ಪಟ್ಟಿ) @, ಹ್ಯಾಶ್‌ಗೆ (ಹೆಸರು-ಮೌಲ್ಯ ಜೋಡಿಗಳ ಗುಂಪು) % ಅಂಟಿಕೊಂಡಿರುತ್ತದೆ. ಅದಕ್ಕೆ ಕಣ್ಣು ಬೇಗ ಒಗ್ಗಿತು. ಎಡವಿದ್ದು ಇಲ್ಲಿ (ಹೆಸರುಗಳನ್ನು ಕನ್ನಡಕ್ಕೆ ತಂದಿದ್ದೇನೆ):

$ಕ = @ಸಾಲುಗಳು;
($ಕ) = @ಸಾಲುಗಳು;

ಮೊದಲನೆಯದು ಎಷ್ಟು ಸಾಲುಗಳಿವೆ ಎಂಬ ಎಣಿಕೆ ಕೊಡುತ್ತದೆ. ಎರಡನೆಯದು ಮೊದಲ ಸಾಲನ್ನೇ ಕೊಡುತ್ತದೆ. ನಾನು ಎರಡಕ್ಕೂ ಪೈಥಾನ್‌ನಲ್ಲಿ ಎಣಿಕೆ ಕೊಡುವ ಲೆನ್ ಬರೆದೆ. ವರದಿಯಲ್ಲಿ ಮೊದಲ ಸಾಲಿನ ತಾರೀಖು ಇರಬೇಕಾದ ಜಾಗದಲ್ಲಿ ಸಾಲುಗಳ ಎಣಿಕೆ ಬಂದು ಕೂತಿತು. ಕಾರಣ ಆ ಆವರಣ ಚಿಹ್ನೆ ( ) ಎಂದು ಕಂಡುಕೊಳ್ಳಲು ಎರಡು ದಿನ ಬೇಕಾಯಿತು.

‘ನೆಕ್ಸ್ಟ್ ಅನ್‌ಲೆಸ್’ (ಇಂಥದ್ದು ನಿಜವಲ್ಲದಿದ್ದರೆ ಮುಂದಿನದಕ್ಕೆ ಹೋಗು) ಎಂದು ಶುರುವಾಗುವ ಸಾಲುಗಳೂ ನನ್ನನ್ನು ತಡೆದು ನಿಲ್ಲಿಸುತ್ತಿದ್ದವು. ‘ಮಳೆ ಬರದಿದ್ದರೆ ಹೋಗೋಣ’ ಅನ್ನುವವರು ನಾವು: ಷರತ್ತು ಮೊದಲು, ಕೆಲಸ ಆಮೇಲೆ. ಇಲ್ಲಿ ಕೆಲಸ ಮುಂದೆ, ಷರತ್ತು ಹಿಂದೆ, ಮೇಲೆ ಒಂದು ನಿಷೇಧ. ಪೈಥಾನ್‌ನಲ್ಲಿ ‘ಇಫ್ ನಾಟ್’ ಬರೆದು, ಕೆಳಗಿನ ಸಾಲಿನಲ್ಲಿ ‘ಕಂಟಿನ್ಯೂ’ (ಮುಂದಿನದಕ್ಕೆ ಹೋಗು) ಹಾಕಿದ ಮೇಲೆ ಓದು ಸರಾಗವಾಯಿತು.

ಆದರೆ ಚೊಕ್ಕವಾಗಿ ಕಾಣುವ ಪೈಥಾನ್ ನನಗೆ ಇನ್ನೂ ದೊಡ್ಡ ಪೆಟ್ಟು ಕೊಟ್ಟಿತು. ಪರ್ಲ್‌ನ @ಪ್ರತಿ = @ಸಾಲುಗಳು ನಿಜವಾಗಿಯೂ ಇನ್ನೊಂದು ಪ್ರತಿ ಮಾಡುತ್ತದೆ. ನಾನು ಪ್ರತಿ = ಸಾಲುಗಳು ಎಂದು ಬರೆದೆ. ಅದು ಅದೇ ಲಿಸ್ಟ್‌ಗೆ ಎರಡನೇ ಹೆಸರು ಇಟ್ಟಂತೆ, ಅಷ್ಟೇ. ‘ಪ್ರತಿ’ಯನ್ನು ಐಪಿ ವಿಳಾಸದ ಪ್ರಕಾರ ಸಾರ್ಟ್ ಮಾಡಿದಾಗ ಮೂಲದ ಕ್ರಮವೂ ಕಲಸಿಹೋಯಿತು. ಹಿಂದಿನ ಸಾಲಿಗೂ ಈ ಸಾಲಿಗೂ ನಡುವಿನ ಸಮಯ ಲೆಕ್ಕ ಹಾಕುವ ಭಾಗ ಮೈನಸ್ ಸೆಕೆಂಡುಗಳನ್ನು ತೋರಿಸತೊಡಗಿತು. ಎರಡೂ ಸ್ಕ್ರಿಪ್ಟ್‌ಗಳನ್ನು ಒಂದೇ ರಾತ್ರಿಯ ಲಾಗ್ ಮೇಲೆ ಓಡಿಸಿ, ಎರಡರ ಫಲಿತಾಂಶದ ವ್ಯತ್ಯಾಸ ತೋರಿಸುವ ಡಿಫ್ ಹಾಕಿದ್ದರಿಂದ ತಪ್ಪು ಸಿಕ್ಕಿಬಿತ್ತು. ಸಾಲುಗಳು.ಕಾಪಿ() ಎಂದು ತಿದ್ದಿದೆ. ಚಿಹ್ನೆ ಕಡಿಮೆಯಾದಷ್ಟೂ ಓದಲು ಸುಲಭ ಎಂದು ಅಲ್ಲಿಯವರೆಗೆ ನಂಬಿದ್ದೆ. ಆ @ ಏನನ್ನು ಹೇಳುತ್ತಿತ್ತು ಎಂಬುದು ಅದು ಇಲ್ಲವಾದ ಮೇಲೆ ಅರ್ಥವಾಯಿತು.

ಈಗ ರಾತ್ರಿ ಓಡುವುದು ಪೈಥಾನ್ ಸ್ಕ್ರಿಪ್ಟೇ, ಹೊಸದಾಗಿ ಸೇರಿದವರೂ ಅದನ್ನು ಓದಿ ತಿದ್ದುತ್ತಾರೆ. ರೆಗೆಕ್ಸ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಪರ್ಲ್ ಕಡೆಗೇ. ಅಲ್ಲಿ ಅದು ಭಾಷೆಯ ಒಳಗೇ ಇದೆ, ಪೈಥಾನ್‌ನಲ್ಲಿದ್ದಂತೆ ಮಾಡ್ಯೂಲ್ (ಪ್ರತ್ಯೇಕ ಕೋಡ್ ಕಟ್ಟು) ತರಿಸಿಕೊಳ್ಳಬೇಕಿಲ್ಲ. ಟರ್ಮಿನಲ್‌ನಲ್ಲಿ ಒಂದೇ ಸಾಲಿನಲ್ಲಿ ಏನಾದರೂ ಹುಡುಕಬೇಕೆಂದರೆ ನನ್ನ ಬೆರಳು ಇವತ್ತಿಗೂ ಪರ್ಲ್ ಎಂದೇ ಟೈಪ್ ಮಾಡುತ್ತದೆ.